ಕ್ಯಾಲೆಂಡರಿನ ಹಿಂಬದಿ ಇನ್ನು ಸಾಕು

ಜನವರಿ ಬಂತೆಂದರೆ ನಮ್ಮ ಮನೆಗಳಿಗೆ ಡೈರಿಗಳು ಬರುತ್ತವೆ. ಬ್ಯಾಂಕಿನವರು ಕೊಟ್ಟದ್ದು, ವಿಮೆ ಏಜೆಂಟರು ಕೊಟ್ಟದ್ದು, ಗೊಬ್ಬರದ ಅಂಗಡಿಯವರು ಕೊಟ್ಟದ್ದು. ಅವುಗಳಲ್ಲಿ ರಟ್ಟು ಗಟ್ಟಿಯಾಗಿದ್ದು, ಕಾಗದ ನುಣುಪಾಗಿದ್ದು, ನಡುವೆ ಗುರುತಿಗೆಂದು ರೇಷ್ಮೆ ದಾರ ಇಳಿಬಿಟ್ಟದ್ದು ಯಜಮಾನರ ಮೇಜಿಗೆ ಹೋಗುತ್ತದೆ. ಎರಡನೆಯದು ಕಾಲೇಜಿಗೆ ಹೋಗುವ ಮಗನಿಗೆ. ಹಾಲಿನ ಲೆಕ್ಕ, ಗ್ಯಾಸು ಬಂದ ತಾರೀಖು, ಚೀಟಿ ಕಟ್ಟಿದ ಕಂತು, ಮಾವನವರ ಮಾತ್ರೆಯ ಹೆಸರು - ಇವನ್ನೆಲ್ಲ ಮನೆಯಾಕೆ ಬರೆಯುವುದು ಎಲ್ಲಿ? ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ. ತಿಂಗಳು ಮುಗಿದು ಹರಿದ ಹಾಳೆಯ ಹಿಂಬದಿಯಲ್ಲಿ. ಮಕ್ಕಳ ಹಳೆಯ ಪುಸ್ತಕದಲ್ಲಿ ಉಳಿದ ನಾಲ್ಕು ಪುಟದಲ್ಲಿ. ಮದುವೆ ಕರೆಯೋಲೆಯ ಖಾಲಿ ಮಗ್ಗುಲಿನಲ್ಲಿ. ಯಜಮಾನರ ಡೈರಿ ಡಿಸೆಂಬರಿನವರೆಗೂ ಮುಕ್ಕಾಲುಪಾಲು ಖಾಲಿಯಾಗಿಯೇ ಇರುತ್ತದೆ ಎಂಬುದು ಬೇರೆ ಮಾತು.

ಈಗ ಆ ಕ್ಯಾಲೆಂಡರಿನ ಚೌಕಕ್ಕೂ ಸಂಚಕಾರ ಬಂದಿದೆ. “ಬರೆದಿಡೋದು ಯಾತಕ್ಕಮ್ಮಾ, ಮೊಬೈಲಲ್ಲಿ ಹಾಕಿಬಿಡು” ಎನ್ನುತ್ತಾರೆ ಮಕ್ಕಳು. ನಾವೂ ಹಾಕುತ್ತೇವೆ. ಸಾಮಾನಿನ ಪಟ್ಟಿ ಅದರಲ್ಲಿ, ರಕ್ತದೊತ್ತಡದ ಲೆಕ್ಕ ಅದರಲ್ಲಿ, ಅತ್ತೆ ಹೇಳಿದ ಗೊಜ್ಜಿನ ಅಳತೆ ಅದರಲ್ಲಿ, ಧರ್ಮಸ್ಥಳಕ್ಕೆ ಹೋದಾಗ ತೆಗೆದ ನಾನೂರು ಫೋಟೊ ಅದರಲ್ಲಿ. ಬೇಕಾದ ಹೊತ್ತಿಗೆ ಒಂದೂ ಕೈಗೆ ಸಿಗುವುದಿಲ್ಲ. “ಇಲ್ಲೇ ಎಲ್ಲೋ ಇತ್ತು” ಎಂದು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ತಳ್ಳುತ್ತಾ ಕೂರುತ್ತೇವೆ.

ನಾನು 28 ವರ್ಷಗಳಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿರುವವಳು. ಬರೆಯುವ ಪುಸ್ತಕಗಳ ನಡುವೆಯೇ ಬದುಕು ಸವೆದಿದೆ. ಆ ಸಲಿಗೆಯಿಂದ ಒಂದು ಮಾತನ್ನು ಜಗಳಕ್ಕೆ ನಿಂತವಳ ಹಾಗೆ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮಲ್ಲಿ ಅಕ್ಷರ ಬಲ್ಲ ಪ್ರತಿಯೊಬ್ಬ ಹೆಂಗಸಿಗೂ ತನ್ನದೇ ಆದ ಒಂದು ನೋಟುಪುಸ್ತಕ ಇರಬೇಕು. ಅದನ್ನು ಅವಳೇ ಅಂಗಡಿಗೆ ಹೋಗಿ, ಮುಟ್ಟಿ ನೋಡಿ, ತನ್ನ ದುಡ್ಡಿನಲ್ಲಿ ಕೊಳ್ಳಬೇಕು. ಅದು ಒಳ್ಳೆಯ ಕಾಗದದ್ದಾಗಿರಬೇಕು. ಈ ಕೊನೆಯ ಮಾತಿಗೆ ಒತ್ತು ಕೊಟ್ಟು ಹೇಳುತ್ತಿದ್ದೇನೆ. ಏಕೆಂದರೆ ಎಲ್ಲರೂ ಜಾರಿಕೊಳ್ಳುವುದು ಅಲ್ಲಿಯೇ.

ಮೊದಲು ಮೊಬೈಲಿನ ವಿಷಯ ಮುಗಿಸಿಬಿಡೋಣ. ಅದರ ಮೇಲೆ ನನಗೆ ದ್ವೇಷವಿಲ್ಲ. ರೈಲಿನ ಟಿಕೇಟು ಅದರಲ್ಲೇ ತೆಗೆಯುತ್ತೇನೆ. ದೂರದ ಮಗಳ ಮುಖ ಅದರಲ್ಲೇ ನೋಡುತ್ತೇನೆ. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿ ಓದಬಹುದು. ಕಣ್ಣು ಕಾಣದವರಿಗೆ ಅದೇ ಓದಿ ಹೇಳುತ್ತದೆ. ಇದೆಲ್ಲ ಸಣ್ಣ ಉಪಕಾರವಲ್ಲ. ಆದರೆ ಒಂದು ಮಾತು ಕೇಳುತ್ತೇನೆ: ನಿಮ್ಮ ಕೈಯಲ್ಲಿರುವ ಮೊಬೈಲು ನಿಜವಾಗಿಯೂ ನಿಮ್ಮದೇ? ಎಷ್ಟೋ ಮನೆಗಳಲ್ಲಿ ಮಗ ಹೊಸದು ಕೊಂಡಾಗ ಅವನ ಹಳೆಯದು ತಾಯಿಗೆ ಇಳಿಯುತ್ತದೆ, ಅಣ್ಣನ ಅಂಗಿ ತಮ್ಮನಿಗೆ ಇಳಿದ ಹಾಗೆ. ಅದರ ಬೀಗದ ಗುಟ್ಟು ಮನೆಮಂದಿಗೆಲ್ಲ ಗೊತ್ತು. ಮೊಮ್ಮಗು ಊಟ ಮಾಡಬೇಕಾದರೆ ಅದನ್ನೇ ಕೊಡಬೇಕು. ‘ಜಾಗ ಇಲ್ಲ’ ಎಂದು ಅದು ಹಟ ಹಿಡಿದ ದಿನ ಮಗ ಕೂತು ಬೇಡದ್ದನ್ನೆಲ್ಲ ಅಳಿಸುತ್ತಾನೆ. ಯಾವುದು ಬೇಡದ್ದು ಎಂದು ತೀರ್ಮಾನಿಸುವವನು ಅವನು.

ನನ್ನ ಪರಿಚಯದ ಒಬ್ಬಾಕೆ ತನ್ನ ತಾಯಿ ಕಡೆಯ ವರ್ಷಗಳಲ್ಲಿ ಹೇಳಿದ ಅಡಿಗೆಗಳನ್ನೆಲ್ಲ ಮೊಬೈಲಿನಲ್ಲಿ ಒತ್ತಿಕೊಂಡಿದ್ದಳು. ಪತ್ರೊಡೆಗೆ ಅಕ್ಕಿ ಎಷ್ಟು, ಅಪ್ಪೆಹುಳಿಗೆ ಯಾವ ಮರದ ಮಿಡಿ, ಬಾಣಂತಿಯ ಸಾರಿಗೆ ಏನೇನು ಹುರಿಯಬೇಕು - ಎಲ್ಲವೂ ಇತ್ತು. ದೀಪಾವಳಿಗೆ ಹಳೆಯದು ಕೊಟ್ಟು ಹೊಸದು ಕೊಂಡರು. ಹೊಸದಕ್ಕೆ ಫೋಟೊಗಳು ಬಂದವು, ನಂಬರುಗಳು ಬಂದವು, ಬರೆದದ್ದು ಬರಲಿಲ್ಲ. ಅಷ್ಟರಲ್ಲಿ ತಾಯಿಯೂ ಇರಲಿಲ್ಲ. “ಎರಡು ರೂಪಾಯಿ ಪೆನ್ನಿಂದ ಗೀಚಿದ್ರೂ ಇರ್ತಿತ್ತಲ್ಲ ಅಕ್ಕಾ” ಎಂದು ಅವಳು ಅಂದಾಗ ನನಗೆ ಉತ್ತರ ಕೊಡಲಾಗಲಿಲ್ಲ.

ಕಂಪೆನಿಗಳ ನಂಬಿಕೆಯೂ ಅಷ್ಟೇ. ಒಂದು ಕಾಲಕ್ಕೆ ನಮ್ಮ ಹುಡುಗ ಹುಡುಗಿಯರೆಲ್ಲ ಮುಗಿಬಿದ್ದಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೊದಲು ಕನ್ನಡದಲ್ಲೇ ಮಾತಾಡಿದ ‘ಕೂ’ 2024ರಲ್ಲಿ ನಿಂತುಹೋಯಿತು. ಅವರ ಅಂಗಡಿ, ಅವರು ಬಾಗಿಲು ಹಾಕಿಕೊಂಡರು, ತಪ್ಪೆನ್ನಲಾಗದು. ಬಾಡಿಗೆ ಮನೆಯ ಗೋಡೆಯ ಮೇಲೆ ಬರೆದಿಟ್ಟು, ಮಾಲೀಕ ಸುಣ್ಣ ಹೊಡೆಸಿದ ಎಂದು ಅತ್ತರೇನು ಬಂತು?

ಇನ್ನು ಬರೆಯುವ ಕೈಯ ವಿಷಯ. ತರಗತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಪಾಠವೆಲ್ಲ ಮೊಬೈಲಿಗೆ ಹೋಯಿತು. ಮಕ್ಕಳು ಮರಳಿ ಬಂದಾಗ ಹೊಸ ಮಾತೊಂದನ್ನು ಕಲಿತು ಬಂದಿದ್ದರು: “ಮಿಸ್, ಪಿಡಿಎಫ್ ಕಳಿಸಿಬಿಡಿ.” ಕಳಿಸಿದರೆ ತೆರೆದು ನೋಡುವುದೂ ಇಲ್ಲ. ‘ಇದೆ’ ಎಂಬ ನೆಮ್ಮದಿಯಲ್ಲೇ ಮರೆಯುತ್ತಾರೆ. ಕರಿಹಲಗೆಯಿಂದ ಕೈಯಾರೆ ಇಳಿಸಿಕೊಂಡ ಮಗು ಅಕ್ಷರ ಸೊಟ್ಟಗೆ ಬರೆದರೂ ಯಾವ ಪುಟದ ಯಾವ ಮೂಲೆಯಲ್ಲಿ ಬರೆದೆನೆಂದು ಹೇಳಬಲ್ಲದು.

ಇದು ಮೇಷ್ಟರ ಹಟವೆಂದು ಕೆಲವರು ನಗಬಹುದು. ಅಮೆರಿಕದ ಪಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಎಂಬುವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲ್ಯಾಪ್‌ಟಾಪಿನಲ್ಲಿ ಟಿಪ್ಪಣಿ ಮಾಡಿಕೊಂಡವರು ಉಪನ್ಯಾಸಕರ ಮಾತನ್ನು ಇದ್ದದ್ದಿದ್ದ ಹಾಗೆ ಇಳಿಸಿದರು. ಕೈಯಲ್ಲಿ ಬರೆದವರು ಕಡಿಮೆ ಬರೆದರೂ, ವಿಷಯವನ್ನು ಅರ್ಥಮಾಡಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಮುಂದೆ ಬಂದರು. 2019ರಲ್ಲಿ ಬೇರೆಯವರು ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನಾರ್ವೆ ದೇಶದಲ್ಲಿ 36 ವಿದ್ಯಾರ್ಥಿಗಳ ತಲೆಗೆ ತಂತಿಗಳ ಟೋಪಿ ಹಾಕಿ ಪರೀಕ್ಷಿಸಿ 2024ರಲ್ಲಿ ವರದಿ ಮಾಡಿದರು: ಅಕ್ಷರದ ಗುಂಡಿ ಒತ್ತುವಾಗಿಗಿಂತ ಕೈಯಲ್ಲಿ ಬರೆಯುವಾಗ ಮಿದುಳಿನ ಭಾಗಗಳು ಒಂದಕ್ಕೊಂದು ಹೆಚ್ಚು ಬೆಸೆದುಕೊಂಡು ಕೆಲಸ ಮಾಡುತ್ತವೆ. ಅಲ್ಲಿ ಬರೆಸಿದ್ದು ಕಾಗದದ ಮೇಲಲ್ಲ, ಪರದೆಯ ಮೇಲೆ ಲೇಖನಿಯಂಥ ಕಡ್ಡಿಯಿಂದ. ಹಾಗಾದರೆ ಮುಖ್ಯವಾದದ್ದು ಕೈಯ ಚಲನೆ. ಒಪ್ಪಿದೆ. ಆದರೆ ಅಂಥ ಪರದೆಗೆ ಹತ್ತಾರು ಸಾವಿರ ಕೊಡಬೇಕು. ನಮಗೆ ಅದೇ ಕೆಲಸ ಒಂದು ಪುಸ್ತಕ, ಒಂದು ಪೆನ್ನಿನಿಂದ ಆಗುತ್ತದೆ. ತರಗತಿಗಳಿಗೆ ಕಂಪ್ಯೂಟರ್ ತುಂಬಿದ್ದ ಸ್ವೀಡನ್ ದೇಶ 2023ರಲ್ಲಿ ಮತ್ತೆ ಅಚ್ಚಾದ ಪಠ್ಯಪುಸ್ತಕಗಳಿಗೆ ದುಡ್ಡು ತೆಗೆದಿಟ್ಟು, ಕೈಬರಹಕ್ಕೆ ಮರಳುವ ಮಾತಾಡಿತು. ಅವರು ಹಿಂದುಳಿದವರೆಂದು ಯಾರೂ ಅನ್ನಲಿಲ್ಲ. ನಾವು ಹೇಳಿದರೆ ಮಾತ್ರ ಹಳೇ ಕಾಲದವರು!

ಕನ್ನಡದ ಮಾತೂ ಇದೆ. ಮೊಬೈಲಿನಲ್ಲಿ ನಮ್ಮ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಒತ್ತಕ್ಷರ ಹುಡುಕುವ ತಾಳ್ಮೆ ಯಾರಿಗಿದೆ? ಹತ್ತು ವರ್ಷ ಹೀಗೆ ನಡೆದರೆ, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಕ್ಕೆ ತೊಂಬತ್ತು ತೆಗೆದವಳೂ ‘ಜ್ಞ’ ಬರೆಯಲು ಒಂದು ಗಳಿಗೆ ತಡವರಿಸುತ್ತಾಳೆ. ದಿನಕ್ಕೆ ಅರ್ಧ ಪುಟ ಬರೆಯುವವಳಿಗೆ ಈ ಪಾಡು ಬರುವುದಿಲ್ಲ.

ಈಗ ‘ಒಳ್ಳೆಯ ಕಾಗದ’ಕ್ಕೆ ಬರೋಣ. “ಬರೆಯೋದಾದ್ರೆ ಯಾವುದಾದ್ರೇನು ಟೀಚರೇ, ಮಕ್ಕಳ ಹಳೇ ಪುಸ್ತಕ ರಾಶಿ ಬಿದ್ದಿದೆ” ಎನ್ನುವವರಿದ್ದಾರೆ. ಇದು ಜಾಣತನದ ಮಾತಿನಂತೆ ಕೇಳುತ್ತದೆ. ಬೇರೆ ಯಾವುದಕ್ಕಾದರೂ ನಾವು ಹೀಗೆ ಅನ್ನುತ್ತೇವೆಯೇ? ಉಪ್ಪಿನಕಾಯಿಯನ್ನು ಕಂಡ ಕಂಡ ಡಬ್ಬಿಗೆ ತುಂಬುತ್ತೇವೆಯೇ? ಜಾಡಿ ತೊಳೆದು, ಒರೆಸಿ, ಬಿಸಿಲಿಗಿಟ್ಟು, ಒಂದು ಹನಿ ನೀರಿನ ಪಸೆ ಇಲ್ಲವೆಂದು ನೋಡಿ ಆಮೇಲೆ ತುಂಬುತ್ತೇವೆ. ಉಳಿಯಬೇಕಾದ ವಸ್ತುವಿಗೆ ತಕ್ಕ ಪಾತ್ರೆ ಬೇಕೆಂಬುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬರಹಕ್ಕೆ ಬಂದಾಗ ಮಾತ್ರ ಹರಕು ಹಾಳೆ ಸಾಕು. ಏಕೆಂದರೆ ನಾವು ಬರೆದದ್ದು ಉಳಿಯಬೇಕಾದದ್ದಲ್ಲ ಎಂದು ನಮಗೇ ಅನ್ನಿಸಿಬಿಟ್ಟಿದೆ. ನನ್ನ ಸಿಟ್ಟೆಲ್ಲ ಈ ಭಾವನೆಯ ಮೇಲೆ.

ಪುಸ್ತಕದ ಕಟ್ಟು ಎಷ್ಟು ಮುಖ್ಯ ಎಂಬುದಕ್ಕೆ ಶ್ರೀನಿವಾಸ ರಾಮಾನುಜನ್ನರ ಕತೆಯೇ ಸಾಕ್ಷಿ. ಕಾಗದ ದುಬಾರಿಯೆಂದು ಆತ ಸ್ಲೇಟಿನ ಮೇಲೆ ಲೆಕ್ಕ ಮಾಡಿ ಅಳಿಸಿ, ಬಂದ ಫಲಿತಾಂಶವನ್ನಷ್ಟೇ ನೋಟುಪುಸ್ತಕಕ್ಕೆ ಏರಿಸುತ್ತಿದ್ದರು. ಆ ಪುಸ್ತಕಗಳು ಉಳಿದವು. 1957ರಲ್ಲಿ ಮುಂಬಯಿಯ ಟಾಟಾ ಸಂಸ್ಥೆ ಅವನ್ನು ಇದ್ದ ಹಾಗೆಯೇ ಅಚ್ಚು ಹಾಕಿಸಿತು. ಕಡೆಯ ವರ್ಷದಲ್ಲಿ ಬರೆದದ್ದು ಬಿಡಿ ಹಾಳೆಗಳ ಮೇಲೆ. 1920ರಲ್ಲಿ ರಾಮಾನುಜನ್ ತೀರಿಕೊಂಡ ಮೇಲೆ ಆ ಹಾಳೆಗಳು ಕೈಯಿಂದ ಕೈಗೆ ಹೋಗಿ, ಕಡೆಗೆ ಕೇಂಬ್ರಿಜಿನ ಗ್ರಂಥಾಲಯದ ಪೆಟ್ಟಿಗೆಯೊಂದರಲ್ಲಿ ಬಿದ್ದಿದ್ದು 1976ರಲ್ಲಿ ಜಾರ್ಜ್ ಆಂಡ್ರೂಸ್ ಎಂಬ ಗಣಿತಜ್ಞರ ಕಣ್ಣಿಗೆ ಬಿದ್ದವು. ಅಂಥ ಮಹಾನುಭಾವರ ಬಿಡಿ ಹಾಳೆಗೇ ಈ ಗತಿಯಾದರೆ ನಮ್ಮ ಕ್ಯಾಲೆಂಡರಿನ ಹಾಳೆಯನ್ನು ಕೇಳುವವರು ಯಾರು?

ನಮ್ಮ ಹಿರಿಯರಿಗೆ ಈ ಎಚ್ಚರ ಇತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ ‘ಕಡತ’ ಮಾಡುತ್ತಿದ್ದರು. ಬಳಪದಿಂದ ಅದರ ಮೇಲೆ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಇಂದಿಗೂ ಇವೆ. ಈಗ ಸರ್ಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ಹೆಸರು ಉಳಿಯಿತು, ಗಟ್ಟಿತನ ಹೋಯಿತು. ನನ್ನ ಬಾಲ್ಯದಲ್ಲಿ ಶಿವಮೊಗ್ಗದ ಕಡೆಗೆ ಬಸ್ಸು ಭದ್ರಾವತಿ ದಾಟುವಾಗ ಕಾಗದದ ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಸ್ಥಾಪನೆಯಾದ ಕಾರ್ಖಾನೆ ಅದು. ಎಲ್ಲರೂ ಸೆರಗು ಮುಚ್ಚಿಕೊಳ್ಳುತ್ತಿದ್ದೆವು. ಆ ಯಂತ್ರಗಳು 2015ರ ಸುಮಾರಿಗೆ ನಿಂತಾಗ, ವಾಸನೆಗೆ ಮೂಗು ಮುಚ್ಚಿಕೊಂಡವರಿಗೂ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಒಳ್ಳೆಯ ಪುಸ್ತಕವನ್ನು ಗುರುತಿಸುವುದು ಸೀರೆ ಆರಿಸಿದಷ್ಟು ಕಷ್ಟದ ಕೆಲಸವೇನಲ್ಲ. ಹಿಂದಿನ ರಟ್ಟಿನ ಮೇಲೆ ‘ಜಿಎಸ್ಎಂ’ ಎಂದು ಅಚ್ಚಾಗಿರುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದು ಅದರ ಅರ್ಥ. ಮಕ್ಕಳ ಸಾಮಾನ್ಯ ಪುಸ್ತಕಗಳಲ್ಲಿ 50ರಿಂದ 60ರ ಆಸುಪಾಸು ಇರುತ್ತದೆ. ಎಪ್ಪತ್ತರ ಮೇಲಿದ್ದರೆ ಮಸಿ ಹಿಂಬದಿಗೆ ಇಳಿಯುವುದು ಕಡಿಮೆ. ನಡುವಿನ ಪುಟ ಬಿಡಿಸಿ ನೋಡಿ: ದಾರದ ಹೊಲಿಗೆ ಕಂಡರೆ ಬಹಳ ಕಾಲ ಬಾಳುತ್ತದೆ. ಬರೀ ಅಂಟಿನದಾದರೆ ಎರಡು ಬೇಸಿಗೆಗೆ ಹಾಳೆ ಕಳಚುತ್ತದೆ. ಪಿನ್ನಿನದಾದರೆ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಪುಸ್ತಕ ತೆರೆದಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳದೆ ಚಪ್ಪಟೆಯಾಗಿ ಮಲಗಬೇಕು. ಒಲೆಯ ಪಕ್ಕ ಒಂದು ಕೈಯಲ್ಲಿ ಸೌಟು ಹಿಡಿದು ಓದುವವರು ನಾವಲ್ಲವೇ! ಅಂಗಡಿಯವರಿಗೆ ಹೇಳಿ, ಕೊನೆಯ ಪುಟದಲ್ಲಿ ಮಸಿಪೆನ್ನಿನಿಂದ ಒಂದು ಗೆರೆ ಎಳೆದು ನೋಡಿ. “ಅಷ್ಟೆಲ್ಲ ಯಾಕೆ ಮೇಡಮ್ಮೋರೇ, ಮಗೂಗೆ ತಾನೇ?” ಎಂದು ಅವರು ಕೇಳಿದರೆ “ಅಲ್ಲಪ್ಪಾ, ನನಗೆ” ಎನ್ನಿ. ಈ ಎರಡು ಶಬ್ದ ಹೇಳುವುದಕ್ಕೆ ನಮಗೆಷ್ಟು ಸಂಕೋಚ ಎಂಬುದು ಆಗ ತಿಳಿಯುತ್ತದೆ.

ದುಡ್ಡೆಷ್ಟು? ಹೊಲಿಗೆಯ, ಗಟ್ಟಿ ರಟ್ಟಿನ ಪುಸ್ತಕಕ್ಕೆ ಇನ್ನೂರು ಮುನ್ನೂರು ರೂಪಾಯಿ ಆದೀತು. ವರ್ಷಕ್ಕೆ ಒಂದು. 2025ರ ಸೆಪ್ಟೆಂಬರ್ 22ರಿಂದ ನೋಟುಪುಸ್ತಕಗಳ ಮೇಲಿದ್ದ ಶೇಕಡಾ 12ರ ಜಿಎಸ್‌ಟಿಯನ್ನೂ ತೆಗೆದುಹಾಕಿದ್ದಾರೆ. ಸೀರೆಗೆ ಫಾಲ್ ಹೊಲಿಸಿ, ಕುಚ್ಚು ಕಟ್ಟಿಸುವುದಕ್ಕೆ ಇದಕ್ಕಿಂತ ಹೆಚ್ಚು ಕೊಡುತ್ತೇವೆ.

ಪ್ರಯಾಣದ ವಿಷಯಕ್ಕೆ ಬಂದರೆ ಈ ಮಾತಿಗೆ ಇನ್ನೂ ಬಲ ಬರುತ್ತದೆ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತು. ಕರ್ನಾಟಕದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೇಟಿಗೆ ದುಡ್ಡು ಕೊಡದೆ ಓಡಾಡುವಂತಾಯಿತು. ತವರು, ಆಸ್ಪತ್ರೆ ಬಿಟ್ಟರೆ ಊರಿನ ಗಡಿ ದಾಟದಿದ್ದವರು ಗುಂಪು ಕಟ್ಟಿಕೊಂಡು ಹಂಪಿ ನೋಡಿದರು, ಬೇಲೂರು ನೋಡಿದರು, ಬಾದಾಮಿ ನೋಡಿದರು. ಇದನ್ನು ಹಾಸ್ಯ ಮಾಡಿದವರ ಮೇಲೆ ನನಗೆ ಸಿಟ್ಟಿದೆ. ಆದರೆ ನಮ್ಮವರಿಗೂ ಒಂದು ಮಾತು ಕೇಳಬೇಕು: ನೋಡಿ ಬಂದದ್ದೇನು? ಬೇಲೂರಿನ ಮದನಿಕೆಯ ಕೆಳಗೆ ನಿಂತು ಅದಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡರೆ, ಮದನಿಕೆ ನಮ್ಮನ್ನು ನೋಡಿತೇ ಹೊರತು ನಾವು ಮದನಿಕೆಯನ್ನಲ್ಲ. ಆ ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿಕೊಂಡಿದ್ದಾರೆ. ಎಂಟುನೂರು ಒಂಬೈನೂರು ವರ್ಷದ ಹಿಂದೆ ಕಲ್ಲುಕುಟಿಗರಿಗೆ ತಮ್ಮ ಹೆಸರು ಬರೆದಿಡಬೇಕೆನಿಸಿತು. ನಮಗೆ ಹೋಗಿಬಂದ ತಾರೀಖನ್ನೂ ಬರೆದಿಡಬೇಕೆನಿಸುವುದಿಲ್ಲ.

ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಸ್ತುಸಂಗ್ರಹಾಲಯವೊಂದಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ದು, ಕೆಲವನ್ನು ಬರೀ ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. ಮರುದಿನ ಕೇಳಿದಾಗ, ಫೋಟೊ ತೆಗೆದ ವಸ್ತುಗಳ ನೆನಪೇ ಕಡಿಮೆಯಿತ್ತು. ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದವರಿಗೆ ಮಾತ್ರ ಆ ನಷ್ಟ ಆಗಿರಲಿಲ್ಲ. 2014ರಲ್ಲಿ ಅಚ್ಚಾದ ವರದಿ ಇದು. ಅಂದರೆ ಕಣ್ಣು ಒಂದು ಕಡೆ ನಿಲ್ಲಬೇಕು. ನಿಲ್ಲಿಸುವುದಕ್ಕೆ ಪೆನ್ಸಿಲಿಗಿಂತ ಒಳ್ಳೆಯ ಸಾಧನ ಬೇರಿಲ್ಲ. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ಪುಸ್ತಕದ ಚಿತ್ರಗಳನ್ನು ತಾವೇ ಬರೆದರು. ಒಂದು ಎಲೆಯನ್ನು ಗೆರೆಯಲ್ಲಿ ತೋರಿಸಬೇಕಾದರೆ ಅದರ ಅಂಚು ಗರಗಸದಂತಿದೆಯೇ ನುಣುಪಾಗಿದೆಯೇ ಎಂದು ಮೊದಲು ನೋಡಲೇಬೇಕಲ್ಲ. ದಿನಾ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಎಳೆಯುವ ಕೈಗೆ ಒಂದು ಕಿಟಕಿಯ ಜಾಲಂಧ್ರದ ವಿನ್ಯಾಸ ಇಳಿಸಿಕೊಳ್ಳುವುದು ಯಾವ ಮಹಾ ಕಷ್ಟ?

ಪ್ರಯಾಣದ ಪುಸ್ತಕ ಸಣ್ಣದಿರಲಿ, ಕೈಚೀಲದಲ್ಲಿ ಕೂರುವಂತಿರಲಿ. ಬೀಗಲ್ ಹಡಗಿನಲ್ಲಿ 1831ರಿಂದ 1836ರವರೆಗೆ ಲೋಕ ಸುತ್ತಿದ ಚಾರ್ಲ್ಸ್ ಡಾರ್ವಿನ್ ದಡಕ್ಕಿಳಿದಾಗ ಬಳಸಿದ್ದು ಅಂಥ ಹದಿನೈದು ಸಣ್ಣ ಪುಸ್ತಕಗಳನ್ನು. ಊರಿಗೆ ಬಂದ ಮೇಲೆ ಬರೆದ ಇನ್ನೆರಡು ಪುಸ್ತಕಗಳು ಕೇಂಬ್ರಿಜಿನ ಗ್ರಂಥಾಲಯದಿಂದ ಕಾಣೆಯಾದವು. ಅವು ಇಲ್ಲವೆಂದು ತಿಳಿದದ್ದು 2001ರಲ್ಲಿ. 2022ರ ಮಾರ್ಚಿನಲ್ಲಿ ಯಾರೋ ಗುಲಾಬಿ ಬಣ್ಣದ ಉಡುಗೊರೆ ಚೀಲದಲ್ಲಿಟ್ಟು ಗ್ರಂಥಾಲಯದಲ್ಲಿ ಬಿಟ್ಟುಹೋದರು. 1837ರಲ್ಲಿ ಬರೆದ ಗೆರೆ ಹಾಗೆಯೇ ಇತ್ತು. ಇಪ್ಪತ್ತು ವರ್ಷ ಕಳೆದುಹೋಗಿ ಸಿಕ್ಕ ಮೊಬೈಲಿಗೆ ಚಾರ್ಜರ್ ಹುಡುಕಿ ನೋಡೋಣ!

ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಮಳೆಯ ಕಡೆಗೆ ಹೋಗುವಾಗ ಜೆಲ್ ಪೆನ್ನು, ಮಸಿಪೆನ್ನು ಬೇಡ, ನೀರು ತಾಗಿದರೆ ಹರಡುತ್ತವೆ. ಪೆನ್ಸಿಲ್ ಅಥವಾ ಸಾದಾ ಬಾಲ್‌ಪೆನ್ ಇರಲಿ. ಬಸ್ಸಿನ ಚೀಟಿ, ಹೋಟೆಲಿನ ಬಿಲ್ಲು ಅಂಟಿಸಿದರೆ ಸಾಲದು. ಈಗ ಯಂತ್ರದಿಂದ ಬರುವ ಚೀಟಿಗಳಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿ ಮೂಡಿದ ಅಕ್ಷರ. ವರ್ಷ ಒಪ್ಪತ್ತರಲ್ಲಿ ಬಿಳಿಚಿಕೊಳ್ಳುತ್ತದೆ. ಪಕ್ಕದಲ್ಲಿ ಕೈಯಾರೆ ಬರೆದುಕೊಳ್ಳಿ.

ಈಗ ಎದುರುವಾದಗಳು. ಕಾಗದವೆಂದರೆ ಮರ ಕಡಿಯುವುದಲ್ಲವೇ ಎಂದು ನನ್ನ ವಿದ್ಯಾರ್ಥಿನಿಯರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಭದ್ರಾವತಿಯ ಕಾರ್ಖಾನೆಗಾಗಿ ಮಲೆನಾಡಿನ ಸಾವಿರಾರು ಎಕರೆಯಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟರು. 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿದಾಗ ಅದನ್ನು ಮತ್ತೆ ಮುಂದುವರಿಸಬಾರದೆಂದು ಜನ ಚಳವಳಿ ಮಾಡಿದರು. ಸಹಜ ಕಾಡು ಹೋಗಿ ಒಂದೇ ಜಾತಿಯ ಮರ ನಿಂತರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಹಾಗಾಗಿಯೇ ನಾನು ಹೇಳುವುದು, ಕಡಿಮೆ ಕೊಳ್ಳಿ, ಒಳ್ಳೆಯದನ್ನು ಕೊಳ್ಳಿ, ಕೊಂಡದ್ದನ್ನು ತುಂಬಿಸಿ. ಜೂನ್‌ನಲ್ಲಿ ಡಜನ್‌ಗಟ್ಟಲೆ ಕೊಂಡು ಮಾರ್ಚಿಯಲ್ಲಿ ಅರ್ಧ ಖಾಲಿಯಿರುವಾಗಲೇ ರದ್ದಿಗೆ ಹಾಕುತ್ತೇವಲ್ಲ, ಒಬ್ಬೊಬ್ಬರಿಗೆ ಮೂರು ಬಣ್ಣದ ದಪ್ಪ ಆಮಂತ್ರಣ ಅಚ್ಚು ಹಾಕಿಸುತ್ತೇವಲ್ಲ, ಮರಗಳ ಲೆಕ್ಕ ಅಲ್ಲಿ ಕೇಳಬೇಕು. ಮೊಬೈಲೇನು ಮರದಲ್ಲಿ ಕಾಯುತ್ತದೆಯೇ? ಅದಕ್ಕೂ ಗಣಿ ಬೇಕು, ವಿದ್ಯುತ್ತು ಬೇಕು.

ಗೆದ್ದಲು ತಿನ್ನುತ್ತದೆ, ನೆರೆ ಬಂದರೆ ಹೋಗುತ್ತದೆ ಎನ್ನುತ್ತಾರೆ. ನಿಜ. ಒಣಗಿದ ಬೇವಿನೆಲೆ ಇಡಿ, ವರ್ಷಕ್ಕೊಮ್ಮೆ ರೇಷ್ಮೆ ಸೀರೆಗೆ ಗಾಳಿ ಆಡಿಸುವಾಗ ಪುಸ್ತಕಕ್ಕೂ ಆಡಿಸಿ. ಮುಖ್ಯವಾದ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮಗಳಿಗೆ ಕಳಿಸಿ; ಯಂತ್ರ ಆ ಕೆಲಸಕ್ಕೆ ಒದಗಲಿ.

ಒಳ್ಳೆಯ ಪುಸ್ತಕ ಹಾಳಾಗುತ್ತದೆಂದು ಬೀರುವಿನಲ್ಲಿಡುವವರು ಇನ್ನೊಂದು ಬಗೆ. ಒಳ್ಳೆಯ ತಟ್ಟೆ ನೆಂಟರಿಗೆ, ಒಳ್ಳೆಯ ಹಾಸಿಗೆ ಹೊದಿಕೆ ಬೀಗರಿಗೆ, ಒಳ್ಳೆಯ ಕಾಗದ ಯಾವತ್ತಿಗೋ. ಅವರಿಗೆ ಒಂದೇ ಉಪಾಯ: ಕೊಂಡ ದಿನವೇ ಮೊದಲ ಪುಟದಲ್ಲಿ ಹೆಸರು ಬರೆದು, ಎರಡನೆಯ ಪುಟದಲ್ಲಿ ಅಂದಿನ ತರಕಾರಿ ಲೆಕ್ಕ ಬರೆದುಬಿಡಿ. ಮಡಿ ಮುರಿಯುತ್ತದೆ.

ಕಡೆಯದು, ಎಲ್ಲಕ್ಕಿಂತ ಕಷ್ಟದ್ದು: “ಯಾರಾದರೂ ಓದಿದರೆ?” ಇದನ್ನು ಕೇಳದ ಹೆಂಗಸಿಲ್ಲ. ಗಂಡಸರು ಡೈರಿ ಬರೆದರೆ ದೊಡ್ಡ ಮನುಷ್ಯರ ಲಕ್ಷಣ. ಹೆಂಗಸು ಬರೆದರೆ ಏನೋ ಗುಟ್ಟಿರಬೇಕು. ಈ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಬೀಗವಿರುವ ಪೆಟ್ಟಿಗೆ ಎಲ್ಲರಿಗೂ ಇರುವುದಿಲ್ಲ. ಆದರೆ ಬಂಗಾಳದ ರಾಸಸುಂದರಿ ದೇವಿಯನ್ನು ನೆನೆಯುತ್ತೇನೆ. ಹೆಣ್ಣು ಅಕ್ಷರ ಕಲಿತರೆ ಗಂಡ ಸಾಯುತ್ತಾನೆಂದು ನಂಬಿದ್ದ 19ನೆಯ ಶತಮಾನ ಅದು. ಆಕೆ ಚೈತನ್ಯ ಭಾಗವತದ ಒಂದು ಹಾಳೆಯನ್ನು ಅಡಿಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಮಗ ಓಲೆಯ ಮೇಲೆ ಬರೆದ ಅಕ್ಷರಕ್ಕೆ ಹೋಲಿಸಿ ಹೋಲಿಸಿ ಓದಲು ಕಲಿತಳು. ಬರೆಯಲು ಕಲಿತದ್ದು ಎಷ್ಟೋ ವರ್ಷಗಳ ಮೇಲೆ. ಒಂದು ಹಾಳೆಯನ್ನು ಒಲೆಯ ಪಕ್ಕ ಅಡಗಿಸಬಹುದು. ಕಾಗದ, ಮಸಿ, ಲೇಖನಿ ಮೂರನ್ನೂ ಹೇಗೆ ಅಡಗಿಸುವುದು? ಅವಳ ‘ಅಮಾರ್ ಜೀಬನ್’ ಬಂಗಾಳಿಯ ಮೊದಲ ಆತ್ಮಕಥೆಯೆಂದು ಹೆಸರಾಗಿದೆ. ಅವಳಿಗಿದ್ದ ಭಯದ ನೂರರಲ್ಲಿ ಒಂದು ಪಾಲೂ ನಮಗಿಲ್ಲ. ಮನೆಯವರಿಗೆ ಎದುರಿಗೇ ಹೇಳಿ: ಇದು ನನ್ನದು, ನಿಮ್ಮ ಪರ್ಸನ್ನು ನಾನು ಕೇಳದೆ ತೆಗೆಯುವುದಿಲ್ಲ, ಇದನ್ನು ನೀವು ತೆಗೆಯಬೇಡಿ. ಒಂದೆರಡು ದಿನ ನಗುತ್ತಾರೆ, ಆಮೇಲೆ ಒಗ್ಗಿಕೊಳ್ಳುತ್ತಾರೆ. ಒಗ್ಗಿಕೊಳ್ಳದಿದ್ದರೆ ಆ ಮನೆಯಲ್ಲಿ ತಿದ್ದಬೇಕಾದದ್ದು ನೋಟುಪುಸ್ತಕಕ್ಕಿಂತ ದೊಡ್ಡದು ಬೇರೆ ಇದೆ.

ಏನು ಬರೆಯಲಿ ಎಂದು ಕೇಳಬೇಡಿ. ಕವಿತೆ ಬರೆಯಲೇಬೇಕೆಂದು ನಾನು ಹೇಳುತ್ತಿಲ್ಲ. ಯಾವ ಬ್ಯಾಂಕಿನಲ್ಲಿ ಯಾವ ಠೇವಣಿ ಇದೆ, ಅದು ಎಂದು ಮುಗಿಯುತ್ತದೆ, ನಾಮಿನಿ ಯಾರು - ಬರೆಯಿರಿ. ಗಂಡ ತೀರಿಕೊಂಡ ಮೂರನೆಯ ದಿನ ಕಾಗದಪತ್ರ ಎಲ್ಲಿವೆಯೆಂದು ಗೊತ್ತಿಲ್ಲದೆ, ಅವರ ಮೊಬೈಲಿನ ಬೀಗ ತೆರೆಯಲೂ ಬಾರದೆ ಕೂತಿದ್ದವರನ್ನು ನಾನು ನೋಡಿದ್ದೇನೆ. ನಿಮಗೆ ಯಾವ ಔಷಧಿ ಒಗ್ಗುವುದಿಲ್ಲ, ಯಾವ ವರ್ಷ ಯಾವ ಆಪರೇಷನ್ ಆಯಿತು, ಬರೆಯಿರಿ. ಎಚ್ಚರ ತಪ್ಪಿದ ಹೊತ್ತಿನಲ್ಲಿ ಡಾಕ್ಟರು ಕೇಳುವುದು ಅದನ್ನೇ. ಅಜ್ಜಿ ಹೇಳುತ್ತಿದ್ದ ಹಸೆಹಾಡು ಬರೆಯಿರಿ. ಅದು ಅವಳೊಬ್ಬಳಿಗೇ ಗೊತ್ತಿದ್ದಿರಬಹುದು. ಬಾದಾಮಿಯ ಗುಹೆಯ ಮೆಟ್ಟಿಲು ಹತ್ತುವಾಗ ಮಂಡಿ ನೋವು ಬಂದದ್ದು, ಮೇಲೆ ನಿಂತು ಕೆರೆ ನೋಡಿದಾಗ ಅದು ಮರೆತುಹೋದದ್ದು ಬರೆಯಿರಿ. ಮಗಳ ಮೇಲೆ ಬಂದ ಸಿಟ್ಟು ಬರೆಯಿರಿ, ಅವಳಿಗೆ ಬಯ್ಯುವುದು ಅರ್ಧ ತಪ್ಪುತ್ತದೆ.

ಮುಂದಿನ ಜನವರಿಯಲ್ಲಿ ಡೈರಿಗಳು ಮತ್ತೆ ಬರುತ್ತವೆ. ಅದಕ್ಕೆ ಕಾಯಬೇಡಿ, ಯಾರೋ ಕೊಟ್ಟದ್ದರಲ್ಲಿ ಮಿಕ್ಕದ್ದು ನಮಗೆ ಬೇಡ. ಈ ತಿಂಗಳು ಪೇಟೆಗೆ ಬಸ್ಸಿನಲ್ಲಿ ಹೋಗುತ್ತೀರಲ್ಲ, ಆ ಉಳಿದ ಚಾರ್ಜಿಗೆ ಇನ್ನಷ್ಟು ಸೇರಿಸಿ ಪುಸ್ತಕದಂಗಡಿಯ ಮೆಟ್ಟಿಲು ಹತ್ತಿ. ಹೊಲಿಗೆ ನೋಡಿ, ಕಾಗದ ಮುಟ್ಟಿ ನೋಡಿ, ಚೌಕಾಸಿ ಬೇಕಾದರೆ ಮಾಡಿ. ಬರುವಾಗ ಒಂದು ಪೆನ್ನನ್ನೂ ತನ್ನಿ, ಮಗನ ಪೆನ್ನು ಕೇಳುವ ಗೋಜು ಬೇಡ.